ರಾಸುಗಳ ಕಣ್ಣು ಕೆಂಪಾಗಿ ಊದಿಕೊಂಡಾಗ ಕಾರಣ ಗುರುತಿಸುವುದು ಹೇಗೆ?

(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ರಾಸುಗಳಿಗೆ ಬರುವ ಕಾಯಿಲೆಗಳಲ್ಲಿ ಬೇಗನೆ ಗೋಚರಿಸುವುದು ಕಣ್ಣಿನ ಕಾಯಿಲೆ. ಹೊಟ್ಟೆಯೊಳಗಿನ ಜಂತು ತಿಂಗಳುಗಟ್ಟಲೆ ಗೊತ್ತಾಗದೆ ಇರಬಹುದು. ಕೆಚ್ಚಲು ಬಾವು ಹಾಲು ಕರೆಯಲು ಕುಳಿತಾಗ ತಿಳಿಯಬಹುದು. ಆದರೆ ಬೆಳಗ್ಗೆ ಕೊಟ್ಟಿಗೆಯ ಬಾಗಿಲು ತೆರೆದೊಡನೆ ಎತ್ತಿನ ಕಣ್ಣು ಕೆಂಪಾಗಿ, ರೆಪ್ಪೆ ಊದಿ, ಕೆನ್ನೆಯ ಮೇಲೆ ನೀರಿನ ಗೆರೆ ಇಳಿದಿದ್ದರೆ ಅದು ಮನೆಮಂದಿಗೆಲ್ಲ ಕಾಣುತ್ತದೆ. ಹೀಗಿದ್ದರೂ ಎಷ್ಟೋ ರಾಸುಗಳು ಕಣ್ಣು ಕಳೆದುಕೊಳ್ಳುತ್ತವೆ. ಕಾಣುವ ಕೆಂಪು ಒಂದೇ ಆದರೂ ಅದಕ್ಕೆ ಕಾರಣಗಳು ಹತ್ತಾರು ಎಂಬ ಅರಿವು ಇಲ್ಲದಿರುವುದೇ ಇದಕ್ಕೆ ಮುಖ್ಯ ಕಾರಣ.

ಕಣ್ಣು ಹೋದ ಎತ್ತು ಕುರುಡಾದ ಕಡೆಯಿಂದ ಸದ್ದಾದರೆ ಬೆದರುತ್ತದೆ. ನೊಗಕ್ಕೆ ಹೂಡುವುದು ಕಷ್ಟವಾಗುತ್ತದೆ. ಸಂತೆಯಲ್ಲಿ ಅದರ ಬೆಲೆ ಇಳಿಯುತ್ತದೆ. ಜೋಡಿಯಲ್ಲಿ ಒಂದರ ಕಣ್ಣು ಹೋದರೆ ಜೋಡಿಯ ಬೆಲೆಯೇ ಹೋಯಿತು. ಹಾಲಿನ ಹಸುವಿಗೆ ಕಣ್ಣು ನೋವಾದರೆ ಮೇವು ಕಡಿಮೆಯಾಗಿ ಹಾಲು ಇಳಿಯುತ್ತದೆ. ಎರಡೂ ಕಣ್ಣು ಮುಚ್ಚಿದ ಕರು ತಾಯಿಯ ಮೊಲೆ ಹುಡುಕಲಾರದೆ ಸೊರಗುತ್ತದೆ.

ಒಂದೇ ಊರಿನಲ್ಲಿ ಒಂದೇ ವಾರದಲ್ಲಿ ಮೂರು ಮನೆಗಳ ರಾಸುಗಳಿಗೆ ಕಣ್ಣು ಕೆಂಪಾಯಿತೆಂದು ಇಟ್ಟುಕೊಳ್ಳೋಣ. ಮೊದಲನೆಯ ಮನೆಯ ಎತ್ತಿಗೆ ಕಣದಲ್ಲಿ ಭತ್ತದ ಸುಂಕು ಹೊಕ್ಕಿದೆ. ಎರಡನೆಯ ಮನೆಯ ಕರುವಿಗೆ ನೊಣಗಳಿಂದ ಅಂಟಿದ ಕೆಂಗಣ್ಣು ಬೇನೆ. ಮೂರನೆಯ ಮನೆಯ ಮಿಶ್ರತಳಿ ಹಸುವಿಗೆ ಉಣ್ಣೆಗಳಿಂದ ಬಂದ ಥೈಲೇರಿಯಾ ಜ್ವರ. ಮೂವರೂ ಅಂಗಡಿಯಿಂದ ಒಂದೇ ಮುಲಾಮು ತಂದು ಹಚ್ಚಿದರೆ, ಮೊದಲನೆಯದರ ಕಣ್ಣಿನಲ್ಲಿ ಸುಂಕು ಹಾಗೆಯೇ ಉಳಿದು ಹುಣ್ಣಾಗುತ್ತದೆ. ಎರಡನೆಯದರಿಂದ ರೋಗ ಹಟ್ಟಿಯ ಉಳಿದ ಕರುಗಳಿಗೆ ಹರಡುತ್ತದೆ. ಮೂರನೆಯದು ಕಣ್ಣಿನ ಚಿಕಿತ್ಸೆ ನಡೆಯುತ್ತಿರುವಾಗಲೇ ಜ್ವರದಿಂದ ಸಾಯಬಹುದು. ಆದುದರಿಂದ ಔಷಧಿಯ ಮಾತಿಗೆ ಮೊದಲು ಕಾರಣದ ಮಾತು ಬರಬೇಕು.

ಕಣ್ಣಿನ ರಚನೆ

ಕಾರಣ ಗುರುತಿಸಲು ಕಣ್ಣಿನ ಭಾಗಗಳ ಪರಿಚಯ ಸ್ವಲ್ಪವಾದರೂ ಇರಬೇಕು. ಮೇಲಿನ ಮತ್ತು ಕೆಳಗಿನ ರೆಪ್ಪೆಗಳಲ್ಲದೆ, ರಾಸುಗಳಿಗೆ ಮೂಗಿನ ಕಡೆಯ ಮೂಲೆಯಲ್ಲಿ ಮೂರನೆಯ ರೆಪ್ಪೆಯೊಂದು ಇರುತ್ತದೆ. ಕಣ್ಣಿಗೆ ನೋವಾದಾಗ ಇದು ಗುಡ್ಡೆಯ ಮೇಲೆ ಸರಿದು ಬರುತ್ತದೆ. ಇದನ್ನು ಕಂಡು ಮಾಂಸ ಬೆಳೆದಿದೆ ಎಂದು ತಿಳಿದು ಕತ್ತರಿಸಲು ಹೋಗುವವರುಂಟು. ಅದು ದೊಡ್ಡ ತಪ್ಪು. ಕಸ, ಹುಳು ಮುಂತಾದವು ಅಡಗುವುದು ಹೆಚ್ಚಾಗಿ ಈ ಮೂರನೆಯ ರೆಪ್ಪೆಯ ಹಿಂದೆ.

ರೆಪ್ಪೆಯ ಒಳಮೈಯನ್ನೂ ಗುಡ್ಡೆಯ ಬಿಳಿ ಭಾಗವನ್ನೂ ಹೊದೆದಿರುವ ತೆಳುವಾದ ಪೊರೆಗೆ ಕಂಜಂಕ್ಟೈವ ಎನ್ನುತ್ತಾರೆ. ಆರೋಗ್ಯವಾದ ರಾಸಿನಲ್ಲಿ ರೆಪ್ಪೆಯ ಒಳಮೈ ತಿಳಿಗೆಂಪಾಗಿ, ತೇವವಾಗಿರುತ್ತದೆ. ಕಣ್ಣು ಕೆಂಪಾಯಿತು ಎಂದರೆ ಸಾಮಾನ್ಯವಾಗಿ ಈ ಪೊರೆಯ ರಕ್ತನಾಳಗಳು ಉಬ್ಬಿವೆ ಎಂದರ್ಥ.

ಗುಡ್ಡೆಯ ಮುಂಭಾಗದಲ್ಲಿ, ಗಡಿಯಾರದ ಗಾಜಿನಂತೆ ಪಾರದರ್ಶಕವಾಗಿರುವ ಪೊರೆಯೇ ಕಾರ್ನಿಯಾ. ದೃಷ್ಟಿಯ ಉಳಿವು ಅಳಿವು ಇದನ್ನು ಅವಲಂಬಿಸಿದೆ. ಇದರಲ್ಲಿ ರಕ್ತನಾಳಗಳಿಲ್ಲ, ಆದುದರಿಂದಲೇ ಅದು ತಿಳಿಯಾಗಿದೆ. ಇಲ್ಲಿ ಗಾಯ ಆಳವಾದರೆ ಅಂಚಿನಿಂದ ರಕ್ತನಾಳಗಳು ಬೆಳೆದು ಬಂದು ಅದನ್ನು ಮಾಯಿಸಬೇಕಾಗುತ್ತದೆ. ಮಾಯ್ದ ಮೇಲೆ ಉಳಿಯುವ ಬಿಳಿ ಕಲೆಯನ್ನೇ ಹಳ್ಳಿಗಳಲ್ಲಿ ಕಣ್ಣಿಗೆ ಹೂ ಬಿತ್ತು ಎನ್ನುತ್ತಾರೆ. ಕಂಜಂಕ್ಟೈವ ಮಾತ್ರ ಕೆಂಪಾಗಿ ಕಾರ್ನಿಯಾ ತಿಳಿಯಾಗಿದ್ದರೆ ಅಪಾಯ ಕಡಿಮೆ. ಕಾರ್ನಿಯಾ ಮಸುಕಾದರೆ ಅಂದೇ ಪಶುವೈದ್ಯರಿಗೆ ತೋರಿಸಬೇಕು.

ಪರೀಕ್ಷಿಸುವ ಕ್ರಮ

ಮೊದಲು ರಾಸನ್ನು ಮುಟ್ಟದೆ, ಎದುರಿಗೆ ಸ್ವಲ್ಪ ದೂರದಲ್ಲಿ ನಿಂತು ಎರಡೂ ಕಣ್ಣುಗಳನ್ನು ಹೋಲಿಸಿ ನೋಡಬೇಕು. ಊತ ರೆಪ್ಪೆಗೆ ಮಾತ್ರವೋ, ಗುಡ್ಡೆಯೇ ಮುಂದೆ ಬಂದಿದೆಯೋ ಎಂಬುದು ಹೀಗೆ ನೋಡಿದಾಗ ತಿಳಿಯುತ್ತದೆ. ಬಿಸಿಲಿಗೆ ಕಣ್ಣು ಮುಚ್ಚಿ ನೆರಳಿಗೆ ತೆರೆಯುತ್ತಿದ್ದರೆ ಕಾರ್ನಿಯಾದಲ್ಲಿ ನೋವಿದೆ ಎಂದು ಊಹಿಸಬಹುದು.

ಅನಂತರ ಕಣ್ಣಿಗೆ ಕೈಹಾಕುವ ಮೊದಲೇ ಮೈಶಾಖ ನೋಡಬೇಕು. ಆರೋಗ್ಯವಾದ ಹಸುವಿನ ಮೈಶಾಖ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡುವುದನ್ನು ಪ್ರತಿಯೊಬ್ಬ ಹೈನುಗಾರನೂ ಕಲಿತಿರಬೇಕು. ಕಣ್ಣಿನ ಕಾಯಿಲೆಯನ್ನು ಮೈಯ ಕಾಯಿಲೆಯಿಂದ ಬೇರ್ಪಡಿಸಲು ಇದಕ್ಕಿಂತ ಸುಲಭವಾದ ಸಾಧನವಿಲ್ಲ.

ಆಮೇಲೆ ರಾಸನ್ನು ನೆರಳಿನಲ್ಲಿ ಕಂಬಕ್ಕೆ ಕಟ್ಟಿ, ಒಬ್ಬರು ತಲೆಯನ್ನು ಭದ್ರವಾಗಿ ಹಿಡಿದಿರುವಾಗ ಮತ್ತೊಬ್ಬರು ಕೈಗಳನ್ನು ಸೋಪು ಹಾಕಿ ತೊಳೆದುಕೊಂಡು ಹೆಬ್ಬೆರಳು ಮತ್ತು ತೋರುಬೆರಳಿನಿಂದ ರೆಪ್ಪೆಗಳನ್ನು ಮೆಲ್ಲಗೆ ಬಿಡಿಸಬೇಕು. ಗುಡ್ಡೆಯನ್ನು ಒತ್ತಬಾರದು. ಟಾರ್ಚಿನ ಬೆಳಕನ್ನು ಪಕ್ಕದಿಂದ ಬಿಟ್ಟರೆ ಕಾರ್ನಿಯಾದ ಮೇಲಿನ ಗೀರು, ಗುಳಿ, ಚುಚ್ಚಿಕೊಂಡ ಸುಂಕು ಸ್ಪಷ್ಟವಾಗಿ ಕಾಣುತ್ತವೆ. ಒಳ್ಳೆಯ ಕಣ್ಣನ್ನು ಮೊದಲು, ಕೆಟ್ಟ ಕಣ್ಣನ್ನು ನಂತರ ನೋಡಬೇಕು. ಹೀಗೆ ಮಾಡಿದರೆ ಸೋಂಕು ಒಂದರಿಂದ ಇನ್ನೊಂದಕ್ಕೆ ದಾಟುವುದಿಲ್ಲ.

ಉತ್ತರ ಕಂಡುಕೊಳ್ಳಬೇಕಾದ ಆರು ಪ್ರಶ್ನೆಗಳು

1. ತೊಂದರೆ ಒಂದು ಕಣ್ಣಿಗೋ, ಎರಡಕ್ಕೋ? ಒಂದೇ ಕಣ್ಣಾದರೆ ಪೆಟ್ಟು, ಕಸ, ಹುಳು ಇರಬಹುದು. ಎರಡೂ ಕಣ್ಣು ಒಟ್ಟಿಗೆ ಕೆಂಪಾದರೆ ಮೈಯೊಳಗಿನ ರೋಗವನ್ನು ಶಂಕಿಸಬೇಕು. ಕೆಂಗಣ್ಣು ಬೇನೆ ಬಹುಮಟ್ಟಿಗೆ ಒಂದರಲ್ಲಿ ತೊಡಗಿ ಕೆಲವೊಮ್ಮೆ ಇನ್ನೊಂದಕ್ಕೆ ಹರಡುತ್ತದೆ.

2. ಒಂದು ರಾಸಿಗೋ, ಹಲವಕ್ಕೋ? ಕೆಲವು ದಿನಗಳ ಅಂತರದಲ್ಲಿ ಹಲವು ರಾಸುಗಳಿಗೆ ಬಂದರೆ ಅಂಟುರೋಗ.

3. ಜ್ವರ ಇದೆಯೋ, ಇಲ್ಲವೋ? ಜ್ವರವಿದ್ದರೆ ಕೆಂಪು ಕಣ್ಣು ಬೇರೊಂದು ರೋಗದ ಒಂದು ಲಕ್ಷಣ ಮಾತ್ರ.

4. ಸೋರುವುದು ನೀರೋ, ಕೀವೋ? ಮೊದಮೊದಲು ಎಲ್ಲ ಕಾಯಿಲೆಗಳಲ್ಲಿಯೂ ನೀರೇ ಸೋರುತ್ತದೆ. ಅದು ಗಟ್ಟಿಯಾದ ಹಳದಿ ಪಿಸುರಾದರೆ ರೋಗಾಣುಗಳು ಬೆಳೆದಿವೆ ಎಂದರ್ಥ.

5. ಕಾರ್ನಿಯಾ ತಿಳಿಯಾಗಿದೆಯೋ, ಮಸುಕಾಗಿದೆಯೋ? ಮಸುಕಾಗಿದ್ದರೆ ಅದು ನಡುವಿನಿಂದ ಆರಂಭವಾಯಿತೋ, ಅಂಚಿನಿಂದಲೋ? ಈ ಒಂದು ಪ್ರಶ್ನೆ ಎಷ್ಟೋ ಸಂದೇಹಗಳನ್ನು ಪರಿಹರಿಸುತ್ತದೆ.

6. ಹಿಂದಿನ ಎರಡು ದಿನಗಳಲ್ಲಿ ರಾಸು ಎಲ್ಲಿತ್ತು, ಏನು ಮಾಡಿತು? ಒಕ್ಕಣೆ, ಹೊಸದಾಗಿ ಕೊಂಡು ತಂದದ್ದು, ಬೇಲಿಯಲ್ಲಿ ಮೇದದ್ದು, ಕೊಟ್ಟಿಗೆಗೆ ಸುಣ್ಣ ಬಳಿದದ್ದು, ಪಕ್ಕದ ಹೊಲಕ್ಕೆ ಔಷಧಿ ಸಿಂಪಡಿಸಿದ್ದು ಇವೆಲ್ಲವನ್ನೂ ನೆನಪಿಗೆ ತಂದುಕೊಳ್ಳಬೇಕು.

ಕಸ, ಸುಂಕು ಮತ್ತು ಪೆಟ್ಟು

ಒಕ್ಕಣೆಯ ಕಾಲದಲ್ಲಿ, ಒಣಮೇವು ತಿನ್ನಿಸುವಾಗ, ಮುಳ್ಳಿನ ಪೊದೆಗಳಲ್ಲಿ ಮೇಯುವಾಗ ಕಣ್ಣಿಗೆ ಕಸ ಬೀಳುವುದು ಸಾಮಾನ್ಯ. ಕೊಟ್ಟಿಗೆಯ ಅಟ್ಟದ ಮೇಲೆ ಹುಲ್ಲು ಒಟ್ಟಿ ಅಲ್ಲಿಂದಲೇ ಎಳೆದು ಹಾಕುವ ಮನೆಗಳಲ್ಲಿ ದೂಳು, ಸುಂಕು ನೇರವಾಗಿ ರಾಸುಗಳ ಕಣ್ಣಿಗೆ ಉದುರುತ್ತವೆ. ಲಕ್ಷಣಗಳು ಹಠಾತ್ತನೆ ತೋರುತ್ತವೆ. ಒಂದೇ ಕಣ್ಣು ಮುಚ್ಚಿಕೊಂಡು ಧಾರಾಳವಾಗಿ ನೀರು ಸುರಿಯುತ್ತದೆ. ಜ್ವರವಿರುವುದಿಲ್ಲ. ರಾಸು ಕಣ್ಣನ್ನು ಗೋದಲಿಗೆ ಉಜ್ಜಲು ಹವಣಿಸುತ್ತದೆ.

ಕಸ ಸಡಿಲವಾಗಿದ್ದರೆ ಉಪ್ಪುನೀರಿನಿಂದ ತೊಳೆದಾಗ ಹೊರಬರುತ್ತದೆ. ಕಾರ್ನಿಯಾಕ್ಕೆ ಚುಚ್ಚಿಕೊಂಡ ಮುಳ್ಳನ್ನಾಗಲಿ ಸುಂಕನ್ನಾಗಲಿ ಮನೆಯಲ್ಲಿ ಕೀಳಲು ಹೋಗಬಾರದು. ಆಳಕ್ಕೆ ಹೋಗಿದ್ದರೆ ಕಿತ್ತೊಡನೆ ಒಳಗಿನ ನೀರು ಹೊರಬಂದು ಕಣ್ಣೇ ಇಂಗಿಹೋಗಬಹುದು. ಪಶುವೈದ್ಯರು ಮರಗಟ್ಟಿಸುವ ಹನಿ ಹಾಕಿ ಅದನ್ನು ತೆಗೆಯುತ್ತಾರೆ.

ಬಾರುಕೋಲಿನ ಏಟು, ಜೊತೆಯ ರಾಸಿನ ಕೊಂಬಿನ ತಿವಿತ ಇವುಗಳಿಂದಲೂ ಕಣ್ಣು ಊದುತ್ತದೆ. ಗುಡ್ಡೆಯ ಬಿಳಿ ಭಾಗದಲ್ಲಾಗಲಿ ಕಾರ್ನಿಯಾದ ಹಿಂದೆಯಾಗಲಿ ರಕ್ತ ನಿಂತಿದ್ದರೆ ಪೆಟ್ಟು ಬಿದ್ದಿರುವ ಸಂಭವ ಹೆಚ್ಚು. ಇಂಥ ರಾಸನ್ನು ಕೆಲಸಕ್ಕೆ ಹೂಡದೆ ಕತ್ತಲೆ ಕೊಟ್ಟಿಗೆಯಲ್ಲಿ ಕಟ್ಟಿ ವೈದ್ಯರಿಗೆ ತೋರಿಸಬೇಕು.

ಸುಣ್ಣ, ಗಿಡದ ಹಾಲು ಮತ್ತು ಕೀಟನಾಶಕ

ಸುಣ್ಣದ ನೀರು, ಎಕ್ಕದ ಹಾಲು, ಕಳ್ಳಿಯ ಹಾಲು, ರಾಸಾಯನಿಕ ಗೊಬ್ಬರದ ಪುಡಿ, ಕೀಟನಾಶಕದ ತುಂತುರು ಕಣ್ಣಿಗೆ ತಗುಲಿದರೆ ಕೆಲವೇ ನಿಮಿಷಗಳಲ್ಲಿ ಕಣ್ಣು ಕೆಂಪಾಗಿ ರೆಪ್ಪೆ ಬಾತುಕೊಳ್ಳುತ್ತದೆ. ಇಲ್ಲಿ ಕಾರಣ ಹುಡುಕುತ್ತಾ ಕೂರಲು ಸಮಯವಿಲ್ಲ. ತಕ್ಷಣ ಸಿಕ್ಕಿದ ಶುದ್ಧವಾದ ತಣ್ಣೀರನ್ನು ಕನಿಷ್ಠ 20 ನಿಮಿಷಗಳ ಕಾಲ ಎಡೆಬಿಡದೆ ಕಣ್ಣಿನ ಮೇಲೆ ಹರಿಸಬೇಕು. ಸುಣ್ಣ ಬಿದ್ದಿದ್ದರೆ ರೆಪ್ಪೆಯ ಒಳಗೆ ಅಂಟಿದ ಚೂರುಗಳೂ ಹೋಗುವಂತೆ ಇನ್ನೂ ಹೆಚ್ಚು ಹೊತ್ತು ತೊಳೆಯಬೇಕು. ಸುಣ್ಣಕ್ಕೆ ಹುಳಿ ಮದ್ದು ಎಂದು ನಿಂಬೆರಸ ಹಿಂಡುವುದು ಸುಟ್ಟ ಗಾಯಕ್ಕೆ ಮತ್ತೆ ಬರೆ ಎಳೆದಂತೆ.

ಕಣ್ಣು ಹುಳು

ದನ ಎಮ್ಮೆಗಳ ಕಣ್ಣಿನಲ್ಲಿ ಥೆಲಾಜಿಯ ಎಂಬ ಜಂತು ವಾಸಿಸುತ್ತದೆ. ಹಾಲಿನ ಬಣ್ಣದ, ಸುಮಾರು 1ರಿಂದ 2 ಸೆಂಟಿಮೀಟರ್ ಉದ್ದದ, ನೂಲಿನಂಥ ಈ ಹುಳು ಮೂರನೆಯ ರೆಪ್ಪೆಯ ಹಿಂದೆ ಮತ್ತು ಕಣ್ಣೀರಿನ ನಾಳದಲ್ಲಿ ಅಡಗಿರುತ್ತದೆ. ಕಣ್ಣೀರು ಹೀರಲು ಬರುವ ನೊಣ ಹುಳುವಿನ ಮರಿಗಳನ್ನೂ ಹೀರಿಕೊಳ್ಳುತ್ತದೆ. ಅವು ನೊಣದ ಮೈಯಲ್ಲಿ ಎರಡು ಮೂರು ವಾರ ಬೆಳೆದು, ಅದೇ ನೊಣ ಇನ್ನೊಂದು ರಾಸಿನ ಕಣ್ಣಿನ ಮೇಲೆ ಕುಳಿತಾಗ ಅಲ್ಲಿಗೆ ಇಳಿಯುತ್ತವೆ. ಆದುದರಿಂದ ನೊಣ ಹೆಚ್ಚಾದ ಕಾಲದಲ್ಲಿ ಈ ರೋಗವೂ ಹೆಚ್ಚು.

ಹುಳುವಿನ ಮೈ ಒರಟಾಗಿರುವುದರಿಂದ ಅದು ಹರಿದಾಡಿದಂತೆಲ್ಲ ಕಣ್ಣು ತರಚುತ್ತದೆ. ಮೊದಲು ನೀರು, ಆಮೇಲೆ ಪಿಸುರು, ಕೊನೆಗೆ ಕಾರ್ನಿಯಾದಲ್ಲಿ ಮಸುಕು. ವಾರಗಟ್ಟಲೆ ಮುಲಾಮು ಹಚ್ಚಿದರೂ ಮತ್ತೆ ಮತ್ತೆ ಕೆಂಪಾಗುವ ಕಣ್ಣಿನಲ್ಲಿ ಹುಳುವನ್ನು ಹುಡುಕಬೇಕು. ವೈದ್ಯರು ಮರಗಟ್ಟಿಸುವ ಹನಿ ಹಾಕಿ ಹುಳುಗಳನ್ನು ತೊಳೆದು ತೆಗೆಯುತ್ತಾರೆ. ಲೆವಮಿಸೋಲ್ ಅಥವಾ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ರಾಸಿನ ತೂಕಕ್ಕೆ ತಕ್ಕಂತೆ ಕೊಡುತ್ತಾರೆ.

ಇದೇ ಸಂದರ್ಭದಲ್ಲಿ ಇನ್ನೊಂದು ಹುಳುವಿನ ವಿಷಯ ತಿಳಿದಿರಬೇಕು. ಸೆಟೇರಿಯ ಎಂಬ ಜಂತುವಿನ ಮರಿ ಸೊಳ್ಳೆಗಳ ಮೂಲಕ ಮೈ ಸೇರಿ ದಾರಿ ತಪ್ಪಿ ಕಣ್ಣುಗುಡ್ಡೆಯ ಒಳಕ್ಕೇ ಬರುವುದುಂಟು. ಕುದುರೆಗಳಲ್ಲಿ ಇದು ಹೆಚ್ಚು, ದನಗಳಲ್ಲಿ ಅಪರೂಪ. ಥೆಲಾಜಿಯ ಕಾರ್ನಿಯಾದ ಮೇಲೆ ಹರಿದಾಡಿದರೆ, ಸೆಟೇರಿಯ ಕಾರ್ನಿಯಾದ ಹಿಂದೆ, ಗಾಜಿನ ಬುಡ್ಡಿಯೊಳಗಿನ ಹುಳುವಿನಂತೆ ನೀರಿನಲ್ಲಿ ಈಜುತ್ತದೆ. ಅದನ್ನು ತೊಳೆದು ತೆಗೆಯಲಾಗದು, ಶಸ್ತ್ರಚಿಕಿತ್ಸೆಯೇ ಆಗಬೇಕು.

ಕೆಂಗಣ್ಣು ಬೇನೆ

ಹಟ್ಟಿಯಲ್ಲಿ ಒಂದರ ಹಿಂದೆ ಒಂದಕ್ಕೆ, ಅದರಲ್ಲಿಯೂ ಕರುಗಳಿಗೆ, ಕಣ್ಣು ಕೆಂಪಾಗುತ್ತಾ ಬಂದರೆ ಅದು ಕೆಂಗಣ್ಣು ಬೇನೆ ಇರಬಹುದು. ಮೊರಾಕ್ಸೆಲ್ಲಾ ಬೋವಿಸ್ ಎಂಬ ಸೂಕ್ಷ್ಮಾಣು ಇದರ ಮುಖ್ಯ ಕಾರಣ. ಈ ಸೂಕ್ಷ್ಮಾಣು ತನ್ನ ಕೂದಲಿನಂಥ ಎಳೆಗಳಿಂದ ಕಾರ್ನಿಯಾಕ್ಕೆ ಅಂಟಿಕೊಂಡು ವಿಷವನ್ನು ಸ್ರವಿಸಿ ಅದನ್ನು ಕೊರೆಯುತ್ತದೆ. ತೀಕ್ಷ್ಣವಾದ ಬಿಸಿಲು, ದೂಳು, ಒಣಹುಲ್ಲಿನ ಗೀರು ಇದಕ್ಕೆ ದಾರಿ ಮಾಡಿಕೊಡುತ್ತವೆ. ನೊಣಗಳು ಅದನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಹೊತ್ತೊಯ್ಯುತ್ತವೆ. ಒಂದೇ ಬಟ್ಟೆಯಿಂದ ಎಲ್ಲ ರಾಸುಗಳ ಕಣ್ಣು ಒರೆಸುವುದರಿಂದಲೂ ಹರಡುತ್ತದೆ.

ಮೊದಲು ಕಣ್ಣಿನಲ್ಲಿ ನೀರು ಬಂದು ರಾಸು ಬೆಳಕಿಗೆ ಅಂಜುತ್ತದೆ. ಒಂದೆರಡು ದಿನಗಳಲ್ಲಿ ಕಾರ್ನಿಯಾದ ನಡುವಿನಲ್ಲಿ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ ಕಾಣಿಸಿಕೊಳ್ಳುತ್ತದೆ. ಅದು ಹುಣ್ಣಾಗಿ ಹಿಗ್ಗಿ ಇಡೀ ಕಾರ್ನಿಯಾ ಹಾಲಿನಂತೆ ಬೆಳ್ಳಗಾಗಬಹುದು. ಆಮೇಲೆ ಅಂಚಿನಿಂದ ಕೆಂಪು ನಾಳಗಳು ಬೆಳೆದು ಬರುತ್ತವೆ. ಇದನ್ನು ಕಂಡು ರೋಗ ಉಲ್ಬಣಿಸಿತೆಂದು ಗಾಬರಿಯಾಗಬೇಕಾಗಿಲ್ಲ. ಮಾಯುವ ಕ್ರಿಯೆ ಅದು. ಸಕಾಲದಲ್ಲಿ ಚಿಕಿತ್ಸೆಯಾದರೆ ಕೆಲವು ವಾರಗಳಲ್ಲಿ ಕಣ್ಣು ತಿಳಿಯಾಗುತ್ತದೆ. ಅಲಕ್ಷಿಸಿದರೆ ಹುಣ್ಣು ಆಳವಾಗಿ ಕಣ್ಣು ಒಡೆಯಲೂಬಹುದು. ಪಶುವೈದ್ಯರು ಇದಕ್ಕೆ ದೀರ್ಘಕಾಲ ಕೆಲಸ ಮಾಡುವ ಆಕ್ಸಿಟೆಟ್ರಾಸೈಕ್ಲಿನ್ ಚುಚ್ಚುಮದ್ದನ್ನು ಬಳಸುತ್ತಾರೆ. ಅದನ್ನು ಕೊಟ್ಟ ಮೇಲೆ ಎಷ್ಟು ದಿನ ಹಾಲನ್ನು ಡೈರಿಗೆ ಹಾಕಬಾರದು ಎಂಬುದನ್ನು ಕೇಳಿ ತಿಳಿದುಕೊಂಡು ತಪ್ಪದೆ ಪಾಲಿಸಬೇಕು. ವಾಸಿಯಾದ ರಾಸಿನ ಕಣ್ಣಿನಲ್ಲಿಯೂ ಸೂಕ್ಷ್ಮಾಣು ಉಳಿದಿರಬಹುದು. ಹೊಸದಾಗಿ ತಂದ ರಾಸಿನಿಂದ ಹಟ್ಟಿಗೆ ರೋಗ ಬರುವುದು ಹೀಗೆಯೇ.

ಮೈಯ ರೋಗದಿಂದ ಕೆಂಪಾಗುವ ಕಣ್ಣು

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಈ ಗುಂಪಿನಲ್ಲಿ. ಹಿಂದೆ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್, ಬರುವಾಗಲೂ ಜ್ವರದೊಡನೆ ಕಣ್ಣು ಕೆಂಪಾಗಿ ನೀರು ಸುರಿಯುವುದೇ ಮೊದಲ ಗುರುತಾಗಿತ್ತು. ಲಸಿಕೆಯ ಫಲವಾಗಿ ಆ ರೋಗ ಭಾರತದಲ್ಲಿ 1995ರಲ್ಲಿ ಕೊನೆಯದಾಗಿ ಕಂಡುಬಂದು, 2011ರಲ್ಲಿ ಇಡೀ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಆದರೆ ಕೆಂಪು ಕಣ್ಣಿನ ಮೂಲಕ ಮುನ್ಸೂಚನೆ ಕೊಡುವ ಬೇರೆ ರೋಗಗಳು ಉಳಿದುಕೊಂಡಿವೆ.

ಥೈಲೇರಿಯಾ ಜ್ವರ: ಉಣ್ಣೆಗಳಿಂದ ಹರಡುವ ಈ ರೋಗ ಮಿಶ್ರತಳಿ ಹಸು ಮತ್ತು ಕರುಗಳಿಗೆ ಮಾರಕ. ಜ್ವರ 104 ಡಿಗ್ರಿ ದಾಟುತ್ತದೆ. ಭುಜದ ಮುಂದಿನ ಗ್ರಂಥಿ ನಿಂಬೆಹಣ್ಣಿನಂತೆ, ಕೆಲವೊಮ್ಮೆ ಅದಕ್ಕಿಂತ ದೊಡ್ಡದಾಗಿ, ಊದಿ ಕೈಗೆ ಸಿಗುತ್ತದೆ. ಕಣ್ಣಿನಲ್ಲಿ ನೀರು ಬಂದು ರೆಪ್ಪೆ ಊದುತ್ತದೆ. ರೆಪ್ಪೆಯ ಒಳಮೈಯಲ್ಲಿ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು ಕಾಣಬಹುದು. ಕೆಲವು ಕರುಗಳಲ್ಲಿ ಗುಡ್ಡೆಯೇ ಮುಂದಕ್ಕೆ ಉಬ್ಬುತ್ತದೆ. ದಿನಗಳು ಕಳೆದಂತೆ ಕೆಂಪು ಹೋಗಿ ಪೊರೆ ಬಿಳಿಚಿಕೊಳ್ಳುತ್ತದೆ. ಕೆಂಪು ಇಳಿಯಿತೆಂದು ಸಂತೋಷಪಡುವಂತಿಲ್ಲ, ರಕ್ತಹೀನತೆ ಬಂದಿದೆ ಎಂದು ತಿಳಿಯಬೇಕು. ಬುಪಾರ್ವಕ್ವೋನ್ ಎಂಬ ಔಷಧಿ ರೋಗದ ಆರಂಭದಲ್ಲಿ ಸಿಕ್ಕಿದರೆ ಪ್ರಾಣ ಉಳಿಯುತ್ತದೆ.

ಚರ್ಮಗಂಟು ರೋಗ: ಭಾರತದಲ್ಲಿ 2019ರಲ್ಲಿ ಮೊದಲು ಕಾಣಿಸಿಕೊಂಡು, 2022ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ದನಗಳನ್ನು ಬಲಿತೆಗೆದುಕೊಂಡ ರೋಗವಿದು. ಗಂಟುಗಳು ಏಳುವ ಮೊದಲೇ ಜ್ವರ ಬಂದು ಕಣ್ಣು ಮೂಗುಗಳಲ್ಲಿ ನೀರು ಸುರಿಯಬಹುದು. ರೆಪ್ಪೆಯ ಮೇಲೆ ಗಂಟುಗಳೆದ್ದು ಕಾರ್ನಿಯಾ ಮಸುಕಾಗುವುದೂ ಉಂಟು. ಕತ್ತು, ಬೆನ್ನುಗಳ ಮೇಲೆ ಕೈಯಾಡಿಸಿ ಗಂಟುಗಳಿವೆಯೇ ಎಂದು ನೋಡಬೇಕು.

ಐ.ಬಿ.ಆರ್. ಎಂಬ ವೈರಸ್ ರೋಗ: ಜ್ವರ, ಕೆಮ್ಮು, ಮೂಗಿನ ಕೆಂಪು, ಜೊತೆಗೆ ಕಣ್ಣು ಕೆಂಪು. ಗಬ್ಬದ ಹಸುಗಳು ಕಂದು ಹಾಕಬಹುದು. ಇದರಲ್ಲಿ ಕಾರ್ನಿಯಾದ ನಡುವೆ ಹುಣ್ಣು ಇರುವುದಿಲ್ಲ. ಮಸುಕು ಬಂದರೂ ಅಂಚಿನಿಂದ ಬರುತ್ತದೆ. ಕೆಂಗಣ್ಣು ಬೇನೆಯಿಂದ ಇದನ್ನು ಬೇರ್ಪಡಿಸುವ ಗುರುತು ಇದೇ.

ಎಂ.ಸಿ.ಎಫ್. ಎಂಬ ಜ್ವರ: ಕುರಿಗಳು ರೋಗವಿಲ್ಲದೆ ಹೊತ್ತು ತಿರುಗುವ ವೈರಸ್ಸೊಂದು ದನಗಳಿಗೆ ತಗುಲಿದಾಗ ಬರುವ ಅಪರೂಪದ, ಆದರೆ ಸಾಮಾನ್ಯವಾಗಿ ಬದುಕಿಸಲಾಗದ ರೋಗ. ತೀವ್ರ ಜ್ವರ, ಮೂತಿಯ ಮೇಲೆ ಹೆಕ್ಕಳಿಕೆ, ಎರಡೂ ಕಣ್ಣುಗಳಲ್ಲಿ ಅಂಚಿನಿಂದ ನಡುವಿಗೆ ಹರಿಯುವ ಮಸುಕು ಇದರ ಲಕ್ಷಣ. ಕುರಿ ಮತ್ತು ದನಗಳನ್ನು ಒಂದೇ ಕೊಟ್ಟಿಗೆಯಲ್ಲಿ ಕೂಡಿದ ಮನೆಗಳಲ್ಲಿ ಈ ಸಂಶಯ ಬರಬೇಕು.

ರೆಪ್ಪೆ ಮಾತ್ರ ಊದಿದಾಗ

ಕಣಜ ಅಥವಾ ಜೇನು ಕಡಿದಾಗ, ಒಗ್ಗದ ಮೇವು ಅಥವಾ ಔಷಧಿ ಸೇರಿದಾಗ ರೆಪ್ಪೆಗಳು ಗಂಟೆಯೊಳಗೆ ಊದಿ ಕಣ್ಣನ್ನೇ ಮುಚ್ಚಬಹುದು. ಬಿಡಿಸಿ ನೋಡಿದರೆ ಗುಡ್ಡೆ ತಿಳಿಯಾಗಿರುತ್ತದೆ. ಮೈಮೇಲೆ ದದ್ದುಗಳು, ಮೂತಿಯ ಊತ ಕಂಡರೆ ಇದು ಒಗ್ಗದಿಕೆಯೇ. ಉಸಿರಾಟ ಕಷ್ಟವಾದರೆ ತಡಮಾಡದೆ ವೈದ್ಯರನ್ನು ಕರೆಸಬೇಕು.

ವಯಸ್ಸಾದ ರಾಸುಗಳಲ್ಲಿ, ಮುಖ್ಯವಾಗಿ ರೆಪ್ಪೆಗಳು ಬಿಳಿಯಾಗಿರುವ ಮಿಶ್ರತಳಿ ಹಸುಗಳಲ್ಲಿ, ಮೂರನೆಯ ರೆಪ್ಪೆಯ ಮೇಲಾಗಲಿ ರೆಪ್ಪೆಯಂಚಿನಲ್ಲಾಗಲಿ ನರುಲಿಯಂಥ ಸಣ್ಣ ಬೆಳವಣಿಗೆ ಕಂಡು, ನಿಧಾನವಾಗಿ ಹಿಗ್ಗಿ, ರಕ್ತ ಜಿನುಗಿ, ದುರ್ವಾಸನೆ ಬಂದರೆ ಅದು ಕಣ್ಣಿನ ಕ್ಯಾನ್ಸರ್. ಕಾಳಿನಷ್ಟಿರುವಾಗ ತೆಗೆಸಿದರೆ ಕಣ್ಣು ಉಳಿಯುತ್ತದೆ. ನಿಂಬೆ ಗಾತ್ರವಾದ ಮೇಲೆ ಕಣ್ಣನ್ನೇ ತೆಗೆಯಬೇಕಾಗುತ್ತದೆ.

ಬರಗಾಲದಲ್ಲಿ ತಿಂಗಳುಗಟ್ಟಲೆ ಒಣಹುಲ್ಲನ್ನೇ ತಿಂದ ರಾಸುಗಳಿಗೆ ಎ ಜೀವಸತ್ವದ ಕೊರತೆಯಿಂದ ಸಂಜೆಗಣ್ಣು ಬರುತ್ತದೆ. ಎರಡೂ ಕಣ್ಣುಗಳಿಂದ ನೀರು ಸೋರಿ, ಕೊನೆಗೆ ಕಾರ್ನಿಯಾ ಮಸುಕಾಗುತ್ತದೆ. ಇಲ್ಲಿ ಕೆಂಪಿಗಿಂತ ಕುರುಡು ಮುಂದಾಗಿರುತ್ತದೆ. ಹಸಿರು ಮೇವೇ ಇದಕ್ಕೆ ತಡೆ.

ಕುರಿ ಮೇಕೆಗಳಲ್ಲಿ

ಕುರಿ ಮೇಕೆಗಳ ಹಿಂಡಿನಲ್ಲಿ ಕಣ್ಣು ಕೆಂಪಾದೊಡನೆ ಬಾಯಿಯನ್ನೂ ನೋಡಬೇಕು. ಪಿ.ಪಿ.ಆರ್. ರೋಗದಲ್ಲಿ ಜ್ವರ, ಕಣ್ಣಿನ ಪಿಸುರು, ಬಾಯಿ ಹುಣ್ಣು, ಭೇದಿ ಜೊತೆಯಾಗಿ ಬರುತ್ತವೆ. ನೀಲಿ ನಾಲಿಗೆ ರೋಗದಲ್ಲಿ ಕುರಿಗಳ ತುಟಿ ಮುಖಗಳು ಊದಿ ಕಾಲು ಕುಂಟುತ್ತದೆ. ಬಾಯಿ, ಮೈಶಾಖ ಎರಡೂ ಸರಿಯಾಗಿದ್ದು ಹಿಂಡಿನ ಅನೇಕ ಕುರಿಗಳಿಗೆ ಕಣ್ಣು ಮಾತ್ರ ಕೆಂಪಾಗಿದ್ದರೆ ಅದು ಮೈಕೊಪ್ಲಾಸ್ಮದಂಥ ಸೂಕ್ಷ್ಮಾಣುಗಳಿಂದ ಬರುವ ಅಂಟು ಕಣ್ಣು ಬೇನೆ ಇರಬಹುದು.

ವೈದ್ಯರು ಬರುವ ತನಕ ಮಾಡಬೇಕಾದದ್ದು

ಒಂದು ಲೀಟರ್ ನೀರನ್ನು ಚೆನ್ನಾಗಿ ಕುದಿಸಿ ಅದಕ್ಕೆ 9 ಗ್ರಾಂ, ಅಂದರೆ ಮಟ್ಟಸವಾದ ಒಂದೂವರೆ ಟೀ ಚಮಚ, ಉಪ್ಪು ಹಾಕಿ ಆರಿಸಿ, ಶುಚಿಯಾದ ಬಟ್ಟೆಯಲ್ಲಿ ಸೋಸಿಟ್ಟುಕೊಳ್ಳಬೇಕು. ಸೂಜಿ ತೆಗೆದ ಸಿರಿಂಜಿನಿಂದ ಇದನ್ನು ಮೂಗಿನ ಕಡೆಯ ಮೂಲೆಯಿಂದ ಹೊರಮೂಲೆಗೆ ಹರಿಯುವಂತೆ ಮೆಲ್ಲಗೆ ಬಿಡಬೇಕು. ದಿನಕ್ಕೆ ಎರಡು ಮೂರು ಬಾರಿ ಹೀಗೆ ತೊಳೆಯಬಹುದು. ಪ್ರತಿ ರಾಸಿಗೂ ಬೇರೆ ಹತ್ತಿ ಉಪಯೋಗಿಸಿ ಸುಟ್ಟುಬಿಡಬೇಕು. ರಾಸನ್ನು ನೆರಳಿನಲ್ಲಿ, ಇತರ ರಾಸುಗಳಿಂದ ದೂರ ಕಟ್ಟಬೇಕು. ಕಣ್ಣು ಒಡೆದಿರುವ ಇಲ್ಲವೆ ಏನಾದರೂ ಚುಚ್ಚಿಕೊಂಡಿರುವ ಸಂಶಯವಿದ್ದರೆ ತೊಳೆಯದೆ ಹಾಗೆಯೇ ತೋರಿಸಬೇಕು. ಪಶು ಆಸ್ಪತ್ರೆ ದೂರವಿದ್ದರೆ 1962 ಸಂಖ್ಯೆಗೆ ದೂರವಾಣಿ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನದ ನೆರವು ಕೇಳಬಹುದು.

ಮಾಡಬಾರದ ಕೆಲಸಗಳು

ಉಪ್ಪು ಅಗಿದು ಉಗುಳುವುದು, ಹೊಗೆಸೊಪ್ಪಿನ ರಸ ಹಿಂಡುವುದು, ಬಳೆಚೂರು ತೇಯ್ದು ಹಾಕುವುದು, ಕಣ್ಣಿನ ಸುತ್ತ ಬರೆ ಹಾಕುವುದು ಇವು ಕೆಲವೆಡೆ ಇನ್ನೂ ಉಳಿದಿವೆ. ಹೂ ಬಿದ್ದ ಕಣ್ಣನ್ನು ಇವು ಉಜ್ಜಿ ತೆಗೆಯುತ್ತವೆ ಎಂಬ ನಂಬಿಕೆ ಇದಕ್ಕೆ ಕಾರಣ. ಕಾರ್ನಿಯಾ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ದಪ್ಪದ ಪೊರೆ. ಅದನ್ನು ಉಜ್ಜಿದರೆ ಹುಣ್ಣು ಆಳವಾಗುತ್ತದೆ, ಬಾಯಿಯ ಸೂಕ್ಷ್ಮಾಣುಗಳು ಗಾಯಕ್ಕೆ ಸೇರುತ್ತವೆ. ಹೀಗೆ ಮಾಡಿಯೂ ವಾಸಿಯಾದ ಕಣ್ಣುಗಳು ಮದ್ದಿನ ಬಲದಿಂದಲ್ಲ, ತಮ್ಮ ಬಲದಿಂದ ವಾಸಿಯಾದವು.

ಈ ಮದ್ದುಗಳಷ್ಟೇ ಅಪಾಯಕಾರಿಯಾದದ್ದು ಮನೆಯಲ್ಲಿ ಉಳಿದಿರುವ ಕಣ್ಣಿನ ಹನಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಎಂಬ ಹೆಸರುಗಳು ಬುಡ್ಡಿಯ ಮೇಲೆ ಇದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ. ಇದನ್ನು ಹಾಕಿದ ಮರುದಿನ ಕೆಂಪು ಇಳಿದು, ನೋವು ತಗ್ಗಿ, ರಾಸು ಕಣ್ಣು ಬಿಡುತ್ತದೆ. ಆದರೆ ಕಾರ್ನಿಯಾದಲ್ಲಿ ಹುಣ್ಣಿದ್ದರೆ ಅದು ಮಾಯುವುದು ನಿಲ್ಲುತ್ತದೆ, ಸೋಂಕು ಒಳಗೊಳಗೇ ಬೆಳೆಯುತ್ತದೆ. ಕೆಲವು ದಿನಗಳಲ್ಲಿ ಕಣ್ಣು ಒಡೆದುಹೋಗಬಹುದು. ಪಶುವೈದ್ಯರು ಫ್ಲೋರೆಸಿನ್ ಎಂಬ ಕಿತ್ತಳೆ ಬಣ್ಣದ ಕಾಗದದ ಪಟ್ಟಿಯನ್ನು ಕಣ್ಣಿಗೆ ಮುಟ್ಟಿಸಿ ನೋಡುತ್ತಾರೆ. ಹುಣ್ಣಿದ್ದ ಜಾಗ ಹಸಿರಾಗಿ ಹೊಳೆಯುತ್ತದೆ. ಈ ಪರೀಕ್ಷೆಯಾಗದೆ ಸ್ಟೀರಾಯ್ಡ್ ಇರುವ ಹನಿಯನ್ನು ಯಾವ ಕಾರಣಕ್ಕೂ ಹಾಕಕೂಡದು.

ಮುಂಜಾಗ್ರತೆ

ಸಗಣಿ ಗಂಜಲಗಳನ್ನು ದಿನವೂ ತೆಗೆದು ದೂರದ ಗುಂಡಿಗೆ ಹಾಕಿ ಮಣ್ಣು ಮುಚ್ಚಿದರೆ ನೊಣದ ಹುಳುಗಳು ಬೆಳೆಯುವ ಜಾಗವೇ ಇಲ್ಲವಾಗುತ್ತದೆ. ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕುವ ರೂಢಿಯಿಂದ ನೊಣ ಸೊಳ್ಳೆಗಳ ಕಾಟ ತಗ್ಗುತ್ತದೆ. ಆದರೆ ಹೊಗೆ ಕೊಟ್ಟಿಗೆಯಲ್ಲಿ ತುಂಬಿ ನಿಲ್ಲದಂತೆ ಗಾಳಿ ಆಡಬೇಕು. ಹೊಸ ರಾಸನ್ನು ಎರಡು ಮೂರು ವಾರ ಪ್ರತ್ಯೇಕವಾಗಿ ಕಟ್ಟಬೇಕು. ಹುಲ್ಲನ್ನು ಹೊರಗೆ ಕೊಡವಿ ಗೋದಲಿಗೆ ಹಾಕಬೇಕು. ಉಣ್ಣೆ ಹತೋಟಿ, ಚರ್ಮಗಂಟು ಮತ್ತು ಪಿ.ಪಿ.ಆರ್. ಲಸಿಕೆ, ಮಿಶ್ರತಳಿ ಕರುಗಳಿಗೆ ಥೈಲೇರಿಯಾ ಲಸಿಕೆ ಇವುಗಳನ್ನು ವೈದ್ಯರ ಸಲಹೆಯಂತೆ ಕಾಲಕಾಲಕ್ಕೆ ಮಾಡಿಸಬೇಕು.

ವಿಸ್ತರಣಾ ಕಾರ್ಯಕರ್ತರು ಹಳ್ಳಿಗೆ ಹೋದಾಗ ಇನ್ನೊಂದು ಮಾತನ್ನೂ ರೈತರಿಗೆ ತಿಳಿಸಬೇಕು. ಭತ್ತದ ಗರಿ, ಕಬ್ಬಿನ ರವದಿ, ಒಕ್ಕಣೆಯ ಸುಂಕು ಗೀರುವುದು ರೈತನ ಕಣ್ಣನ್ನೂ ಬಿಡುವುದಿಲ್ಲ. ಇಂಥ ಗೀರಿನ ಮೂಲಕ ಬೂಷ್ಟು ಕಾರ್ನಿಯಾ ಸೇರಿ ಹುಣ್ಣಾಗುವುದು ದಕ್ಷಿಣ ಭಾರತದ ಬೇಸಾಯಗಾರರಲ್ಲಿ ಕುರುಡಿಗೆ ಒಂದು ಮುಖ್ಯ ಕಾರಣ. ಅಲ್ಲಿಯೂ ಸ್ಟೀರಾಯ್ಡ್ ಹನಿ ವಿಷವೇ. ಕೊಯ್ಲು ಒಕ್ಕಣೆಗಳಲ್ಲಿ ಅಗ್ಗದ ಕನ್ನಡಕ ಧರಿಸಿ, ಗೀರಿದ ದಿನವೇ ಕಣ್ಣಿನ ವೈದ್ಯರನ್ನು ಕಂಡರೆ ದೃಷ್ಟಿ ಉಳಿಯುತ್ತದೆ.

ಕಣ್ಣು ಕೆಂಪಾದಾಗ ಮೈಶಾಖ ನೋಡುವುದು, ಎರಡೂ ಕಣ್ಣು ಹೋಲಿಸುವುದು, ಮಸುಕು ನಡುವಿನಿಂದಲೋ ಅಂಚಿನಿಂದಲೋ ಎಂದು ಗಮನಿಸುವುದು ಈ ಮೂರಕ್ಕೆ ಹತ್ತು ನಿಮಿಷ ಸಾಕು. ಕಂಡದ್ದನ್ನು ದಿನಾಂಕದೊಡನೆ ಚೀಟಿಯಲ್ಲಿ ಬರೆದು ಪಶುವೈದ್ಯರ ಕೈಗೆ ಕೊಟ್ಟರೆ ಅವರ ಅರ್ಧ ಕೆಲಸ ಮುಗಿದಂತೆ. ಕಾರ್ನಿಯಾದ ಹುಣ್ಣಿನಲ್ಲಿ ಒಂದು ದಿನದ ತಡವೂ ಕಣ್ಣಿನ ಬೆಲೆಗೆ ಸಮ ಎಂಬುದನ್ನು ರೈತ ಬಾಂಧವರು ಮರೆಯಬಾರದು.